ಕಾಸರಗೋಡಿನ ಅಂಗಳಕ್ಕೆ ಕ್ರೇಪ್ ಮರ್ಟಲ್: ನೆಡುವುದು, ಸವರುವುದು, ಮಳೆ ದಾಟಿಸುವುದು

ಏಪ್ರಿಲ್ ತಿಂಗಳಲ್ಲಿ ಕಾಸರಗೋಡಿನ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಗಳದ ಬದಿಯ ಹೂಗಿಡಗಳು ಮಧ್ಯಾಹ್ನವಾಗುವಾಗ ಬಾಡಿ ಜೋತು ಬಿದ್ದಿರುತ್ತವೆ. ಆ ಬಿಸಿಲನ್ನೇ ಬೇಡುವ ಗಿಡ ಕ್ರೇಪ್ ಮರ್ಟಲ್. ಗೆಲ್ಲಿನ ತುದಿತುದಿಯಲ್ಲಿ ಗೊಂಚಲು ಗೊಂಚಲಾಗಿ ಅರಳುತ್ತದೆ. ಗುಲಾಬಿ, ಕಡುಗೆಂಪು, ತಿಳಿನೇರಳೆ, ಬಿಳಿ ಬಣ್ಣಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಒಂದು ಹೂವಿಗೆ ಆರು ಎಸಳು. ಎಸಳಿನ ಅಂಚೆಲ್ಲ ಸುಕ್ಕುಸುಕ್ಕು.

ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಈಗ ಎಷ್ಟೋ ಮನೆಗಳಲ್ಲಿ ಇದನ್ನು ನೆಟ್ಟಿದ್ದಾರೆ. ನೆಟ್ಟವರ ದೂರು ಮಾತ್ರ ಒಂದೇ. "ಎಲೆ ಬೇಕಾದಷ್ಟು ಬರುತ್ತದೆ, ಹೂವೇ ಇಲ್ಲ." ಇಲ್ಲವಾದರೆ, "ಹೂ ಬಿಟ್ಟದ್ದೇ ಜೂನ್‌ನಲ್ಲಿ, ಎಲ್ಲ ಮಳೆಗೆ ಕೊಳೆತು ಹೋಯಿತು."

ಇದು ಗಿಡದ ತಪ್ಪಲ್ಲ. ಈ ಗಿಡದ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಚಳಿಗಾಲದಲ್ಲಿ ಹಿಮ ಬೀಳುವ ಊರುಗಳಿಗೆ ಬರೆದದ್ದು. ಅಲ್ಲಿ ಗಿಡ ಚಳಿಗೆ ಎಲೆ ಉದುರಿಸಿ ಮಲಗುತ್ತದೆ, ಬೇಸಗೆಯಿಡೀ ಹೂ ಬಿಡುತ್ತದೆ. ನಮ್ಮಲ್ಲಿ ಹಿಮ ಇಲ್ಲ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾಗದದಷ್ಟು ತೆಳು ಎಸಳಿನ ಹೂವಿಗೆ ಆ ನಾಲ್ಕು ತಿಂಗಳು ಕಷ್ಟ. ಹಾಗಾಗಿ ಇಲ್ಲಿ ಗಿಡದ ಕಾಲಪಟ್ಟಿಯನ್ನೇ ಸ್ವಲ್ಪ ತಿರುಗಿಸಿಕೊಳ್ಳಬೇಕು. ಮಳೆಗೆ ಮೊದಲು ಒಂದು ಸಲ ಹೂ, ಮಳೆ ಕಳೆದ ಮೇಲೆ ಇನ್ನೊಂದು ಸಲ ಹೂ. ಅದು ಹೇಗೆಂದು ಈ ಲೇಖನದಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಗಿಡದ ಪರಿಚಯ

ಕ್ರೇಪ್ ಮರ್ಟಲ್ ಸಸ್ಯಶಾಸ್ತ್ರದಲ್ಲಿ ಲ್ಯಾಗರ್ಸ್ಟ್ರೋಮಿಯಾ ಇಂಡಿಕಾ. ಸಸ್ಯಶಾಸ್ತ್ರಜ್ಞ ಲಿನೇಯಸ್ 1759ರಲ್ಲಿ ಇಟ್ಟ ಹೆಸರು. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯಲ್ಲಿದ್ದ ಮ್ಯಾಗ್ನಸ್ ಲ್ಯಾಗರ್ಸ್ಟ್ರೋಮ್ ಎಂಬವರು ಅವನಿಗೆ ಗಿಡಗಳ ಮಾದರಿ ತರಿಸಿ ಕೊಡುತ್ತಿದ್ದರು, ಅವರ ನೆನಪಿಗೆ. ನರ್ಸರಿಯವರು ಈಗಲೂ ಲ್ಯಾಗರ್ಸ್ಟ್ರೋಮಿಯಾ ಎಂದೇ ಚೀಟಿ ಅಂಟಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇದೇ ಹೆಸರಿನ ಚೀಟಿ ಹಚ್ಚಿ ನಮ್ಮ ಹೊಳೆದಾಸವಾಳವನ್ನೂ ಮಾರುತ್ತಾರೆ. ಮಲಯಾಳಿಗಳ ಮಣಿಮರುತು, ಮಹಾರಾಷ್ಟ್ರದ ರಾಜ್ಯಪುಷ್ಪ ತಾಮ್ಹಣ ಎಲ್ಲ ಅದೇ. ಅದು ಕೂಡ ಬಹಳ ಚಂದದ ಮರ, ನನಗೆ ತುಂಬ ಇಷ್ಟ. ಆದರೆ ಅದು ಹದಿನೈದು ಮೀಟರ್‌ವರೆಗೂ ಬೆಳೆಯುವ ದೊಡ್ಡ ಮರ. ಹತ್ತು ಸೆಂಟ್ಸ್ ಜಾಗದ ಮನೆಗೆ ಆಗುವುದಿಲ್ಲ. ಸಸಿಯಲ್ಲಿ ಎರಡನ್ನೂ ಬೇರೆ ಮಾಡುವುದು ಸುಲಭ. ಹೊಳೆದಾಸವಾಳದ ಎಲೆ ಅಂಗೈಗಿಂತ ಉದ್ದ, ದಪ್ಪ. ಕ್ರೇಪ್ ಮರ್ಟಲ್ ಎಲೆ ಚಿಕ್ಕದು, ಹೆಬ್ಬೆರಳಿನಷ್ಟು ಉದ್ದ. ಎಳೆ ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ನಾಲ್ಕು ಏಣು ಸಿಗುತ್ತದೆ. ಜಾಗ ಧಾರಾಳ ಇದ್ದವರು, ಹೊಳೆಬದಿಯಲ್ಲಿ ತೋಟ ಇದ್ದವರು ಹೊಳೆದಾಸವಾಳವನ್ನೇ ನೆಡಿ. ಚಂದ್ರಗಿರಿ, ಶಿರಿಯ ಹೊಳೆಗಳ ಬದಿಗೆ ಅದಕ್ಕಿಂತ ಒಳ್ಳೆಯ ಹೂಮರ ಸಿಗುವುದು ಕಷ್ಟ.

ಗುಡ್ಡೆಯ ನಂದಿ ಮರವೂ ಇದೇ ಬಳಗದ್ದು. ನಂದಿಯ ಕಾಂಡ ಗೊತ್ತಲ್ವಾ, ತೊಗಟೆ ಪದರ ಪದರವಾಗಿ ಎದ್ದು ಒಳಗೆ ನುಣ್ಣಗೆ ಬಿಳಿ ಕಾಣುತ್ತದೆ. ಕ್ರೇಪ್ ಮರ್ಟಲ್ ನಾಲ್ಕೈದು ವರ್ಷ ಬೆಳೆದ ಮೇಲೆ ಹಾಗೆಯೇ ತೊಗಟೆ ಉದುರಿಸುತ್ತದೆ. ಹೊಸಬರು ರೋಗ ಬಂತೆಂದು ಹೆದರಿ ಸುಣ್ಣ ಬಳಿಯುತ್ತಾರೆ. ಬೇಡ. ಆ ನುಣುಪು ಕಾಂಡವೇ ಈ ಗಿಡದ ಅರ್ಧ ಚಂದ.

ಜಾಗ ಆರಿಸುವುದು

ಇದರಲ್ಲಿ ರಾಜಿ ಬೇಡ. ದಿನಕ್ಕೆ ಕಡಿಮೆಯೆಂದರೂ ಆರು ಗಂಟೆ ನೇರ ಬಿಸಿಲು ಬೀಳಬೇಕು. ಎಂಟು ಗಂಟೆ ಬಿದ್ದರೆ ಇನ್ನೂ ಒಳ್ಳೆಯದು. ಅಡಿಕೆ ತೋಟದ ಅಂಚು, ಹಲಸಿನ ಮರದ ಬುಡ, ತೆಂಗಿನ ಮಡಲು ತೂಗುವ ಜಾಗ ಯಾವುದೂ ಆಗುವುದಿಲ್ಲ. ಅಲ್ಲಿ ಗಿಡ ಸಾಯುವುದಿಲ್ಲ, ಉದ್ದುದ್ದ ಬೆಳೆದು ಎಲೆ ಬಿಡುತ್ತದೆ. ಎಲೆ ಮೇಲೆ ಬಿಳಿ ಬೂದಿ ಕೂರುತ್ತದೆ. ಹೂ ಬರುವುದಿಲ್ಲ. ಹೂ ಇಲ್ಲದ ಗಿಡಗಳಲ್ಲಿ ಹೆಚ್ಚಿನವಕ್ಕೆ ಇಷ್ಟೇ ಕಾರಣ.

ಬಿಸಿಲು ನೋಡುವುದಕ್ಕೂ ಕಾಲ ಇದೆ. ಮಳೆಗಾಲದಲ್ಲಿ ನೋಡಿ ನಿರ್ಧರಿಸಬೇಡಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತೆಂಕು ಬದಿಗೆ ಇಳಿದಿರುತ್ತಾನೆ. ಆಗ ಮನೆಯ ನೆರಳು ಬಡಗು ಬದಿಯ ಅಂಗಳದ ಮೇಲೆ ಉದ್ದಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ, ನೆರಳು ಇಲ್ಲವಾಗುತ್ತದೆ. ಈ ಗಿಡ ಹೊಸ ಚಿಗುರು ಬಿಟ್ಟು ಮೊಗ್ಗು ಕಟ್ಟುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಆ ತಿಂಗಳುಗಳಲ್ಲಿ ಬಿಸಿಲು ಬೀಳುವ ಜಾಗ ಸಾಕು. ಎರಡು ಮಾಳಿಗೆಯ ಮನೆಯಾದರೆ ಮೂಡು ಬದಿ ಅಥವಾ ತೆಂಕು ಬದಿಯೇ ಒಳ್ಳೆಯದು.

ಗೋಡೆಯಿಂದ, ಆವರಣದಿಂದ ಎರಡು ಮೂರು ಮೀಟರ್ ದೂರ ಇಡಿ. ಬೇರು ಅಡಿಪಾಯ ಒಡೆಯುವ ಜಾತಿಯದ್ದಲ್ಲ, ಆ ಹೆದರಿಕೆ ಬೇಡ. ದೂರ ಇಡುವುದು ಗಾಳಿಯಾಡಲಿ ಎಂದು. ಗಾಳಿ ಇಲ್ಲದ ಮೂಲೆಯಲ್ಲಿ ಬೂದಿರೋಗ ಖಂಡಿತ. ಸೆಪ್ಟಿಕ್ ಟ್ಯಾಂಕ್, ಬಾವಿಕಟ್ಟೆಯ ಪಕ್ಕ ಕೂಡ ಬೇಡ, ಉದುರಿದ ಹೂ, ಎಲೆ ಬಾವಿಗೆ ಬೀಳುತ್ತದೆ. ಗುಡ್ಡೆಗೆ ತೋಡಿದ ಸುರಂಗದ ನೀರು ಬಳಸುವ ಮನೆಯವರು ಸುರಂಗದ ಬಾಯಿಯಿಂದ ನೀರು ಹರಿಯುವ ಜಾಗ ಬಿಟ್ಟು ಮೇಲೆ ನೆಡಿ. ಬುಡ ಸದಾ ಒದ್ದೆ ಇರುವ ಜಾಗ ಇದಕ್ಕೆ ಆಗುವುದಿಲ್ಲ.

ಉಪ್ಪಳ, ಮಂಜೇಶ್ವರ, ಕುಂಬಳೆಯಲ್ಲಿ ಸಮುದ್ರದ ಹತ್ತಿರ ಇರುವವರು ಕಡಲಿಗೆ ಎದುರಾಗಿ ನೆಡಬೇಡಿ. ಉಪ್ಪುಗಾಳಿಗೆ ಎಲೆಯ ಅಂಚು ಸುಡುತ್ತದೆ. ಮನೆಯ ಮರೆಯಲ್ಲಿ, ಮೂಡು ಬದಿಯಲ್ಲಿ ನೆಟ್ಟರೆ ಬರುತ್ತದೆ.

ಗಿಡ ತರುವುದು

ಹೂ ಬಿಟ್ಟ ಗಿಡವನ್ನೇ ತನ್ನಿ. ನರ್ಸರಿಯ ಚೀಟಿಯಲ್ಲಿ ಬರೆದ ಬಣ್ಣಕ್ಕೂ ಅರಳುವ ಬಣ್ಣಕ್ಕೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ. ಎಷ್ಟು ಎತ್ತರ ಬೆಳೆಯುವ ಜಾತಿ ಎಂದು ಕೇಳಿ. ಮೊಣಕಾಲೆತ್ತರದ ಗಿಡ್ಡ ಜಾತಿಗಳಿವೆ, ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಬೆಳೆಯುವವು ಇವೆ, ಆರೇಳು ಮೀಟರ್ ಮರವಾಗುವವೂ ಇವೆ. ಅಂಗಳಕ್ಕೆ ನಡುವಿನದ್ದು ಹೇಳಿ ಮಾಡಿಸಿದ್ದು.

ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಎಗಾಲ್ಫ್ ಎಂಬ ತಜ್ಞ ಇದನ್ನು ಜಪಾನಿನ ಇನ್ನೊಂದು ಜಾತಿಯ ಜೊತೆ ಬೆರೆಸಿ ಬೂದಿರೋಗ ತಡೆಯುವ ತಳಿಗಳನ್ನು ಮಾಡಿದರು. ಬಿಳಿ ಹೂವಿನ ನ್ಯಾಚೆಝ್, ತಿಳಿನೇರಳೆಯ ಮಸ್ಕೋಗಿ ಅದರಲ್ಲಿ ಪ್ರಸಿದ್ಧ, ಎರಡೂ 1978ರಲ್ಲಿ ಬಿಡುಗಡೆಯಾದವು. ಈ ಹೆಸರಿನ ಗಿಡ ನಿಜವಾಗಿ ಸಿಕ್ಕಿದರೆ ನಮ್ಮ ತೇವದ ಗಾಳಿಗೆ ಅದೇ ಉತ್ತಮ. ಆದರೆ ಅವು ದೊಡ್ಡ ಮರವಾಗುತ್ತವೆ, ಜಾಗ ನೋಡಿಕೊಳ್ಳಿ.

ಹೆದ್ದಾರಿ ಬದಿಯ ನರ್ಸರಿಗಳಿಗೆ ಗಿಡ ಬರುವುದು ಹೆಚ್ಚಾಗಿ ತೃಶ್ಶೂರಿನ ಮಣ್ಣುತ್ತಿಯಿಂದ, ಇಲ್ಲವೇ ಆಂಧ್ರದ ಕಡಿಯಂನಿಂದ. ಕಡಿಯಂ ಗಿಡಗಳ ಬುಡದಲ್ಲಿ ಗಟ್ಟಿ ಜೇಡಿಮಣ್ಣಿನ ಉಂಡೆ ಇರುತ್ತದೆ. ದೂರ ಸಾಗಿಸುವಾಗ ಒಣಗದಿರಲಿ ಎಂದು ಹಾಗೆ ಮಾಡುತ್ತಾರೆ. ಅದನ್ನು ಹಾಗೆಯೇ ನಮ್ಮ ಸಡಿಲ ಕೆಂಪು ಮಣ್ಣಿಗೆ ಇಳಿಸಿದರೆ ಬೇರು ಆ ಉಂಡೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಮಳೆಗಾಲದಲ್ಲಿ ಉಂಡೆ ನೀರು ಕುಡಿದು ಬೇರು ಕೊಳೆಯುತ್ತದೆ, ಬೇಸಗೆಯಲ್ಲಿ ಕಲ್ಲಾಗುತ್ತದೆ. ನೆಡುವ ಮೊದಲು ಬುಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಜೇಡಿಮಣ್ಣು ಮೆತ್ತಗಾದ ಮೇಲೆ ಹೊರಗಿನ ಪದರವನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಸುತ್ತಿ ಸುತ್ತಿ ಬೆಳೆದ ಬೇರು ಇದ್ದರೆ ಬಿಡಿಸಿ ನೇರ ಮಾಡಿ, ಆಗದಿದ್ದರೆ ಕತ್ತರಿಸಿ.

ಗುಂಡಿ ಮತ್ತು ನೆಡುವುದು

ಮುರಕಲ್ಲಿನ ಜಾಗದಲ್ಲಿ ಗುಂಡಿ ತೋಡುವುದೇ ದೊಡ್ಡ ಕೆಲಸ. ಎರಡಡಿ ಅಗಲ, ಎರಡಡಿ ಆಳ ಬೇಕು. ಪಿಕ್ಕಾಸಿನಲ್ಲಿ ಗೋಡೆಗಳನ್ನೂ ಅಲ್ಲಲ್ಲಿ ಕೆತ್ತಿ ಒರಟು ಮಾಡಿ, ಬೇರು ದಾರಿ ಹುಡುಕಿಕೊಳ್ಳಲಿ. ತೋಡಿದ ಮೇಲೆ ಎರಡು ಬಕೆಟ್ ನೀರು ಹೊಯ್ದು ಬಿಡಿ. ಮರುದಿನ ಬೆಳಿಗ್ಗೆ ನೀರು ಪೂರ್ತಿ ಇಂಗಿದ್ದರೆ ಅಲ್ಲೇ ನೆಡಬಹುದು. ತಳದಲ್ಲಿ ನೀರು ನಿಂತಿದ್ದರೆ ಅಡಿಯಲ್ಲಿ ಇಡಿಯ ಪಾರೆ ಇದೆ ಎಂದರ್ಥ. ಆ ಗುಂಡಿ ಆಟಿ ತಿಂಗಳಿಡೀ (ಜುಲೈ-ಆಗಸ್ಟ್) ಬಾಣಲೆಯ ಹಾಗೆ ನೀರು ಹಿಡಿದು ಕೂರುತ್ತದೆ, ಗಿಡ ಉಳಿಯುವುದಿಲ್ಲ.

ಅಂಥ ಕಡೆ ಗುಂಡಿಯ ಆಸೆ ಬಿಟ್ಟು ದಿಬ್ಬ ಮಾಡಿ. ನೆಲದ ಮೇಲೆ ನಾಲ್ಕಡಿ ಅಗಲಕ್ಕೆ ಮುರಕಲ್ಲಿನ ತುಂಡುಗಳನ್ನು ಸುತ್ತ ಇಟ್ಟು, ಒಳಗೆ ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ತುಂಬಿಸಿ ನೆಡಿ. ನೋಡಲಿಕ್ಕೂ ಚಂದ, ಕಟ್ಟೆಯ ಹಾಗೆ ಕಾಣುತ್ತದೆ.

ತುಂಬಿಸುವ ಮಣ್ಣಿಗೆ ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು ಸಾಕು. ಇನ್ನೂರು ಗ್ರಾಂ ಬೇವಿನ ಹಿಂಡಿ, ಅಷ್ಟೇ ಎಲುಬಿನ ಹುಡಿ ಬೆರೆಸಿ. ಹಸಿ ಸೆಗಣಿ ಹಾಕಬೇಡಿ, ಗೆದ್ದಲಿಗೆ ಕರೆದಂತೆ. ಸ್ವಲ್ಪ ಹುಳಿ ಇರುವ ಮಣ್ಣು ಈ ಗಿಡಕ್ಕೆ ಇಷ್ಟ. ನಮ್ಮ ಮುರಕಲ್ಲಿನ ಮಣ್ಣು ಹೇಗೂ ಹುಳಿಯೇ. ಅದಕ್ಕಾಗಿ ಸುಣ್ಣ ಹಾಕುವ ಅಗತ್ಯ ಇಲ್ಲ. ಮಣ್ಣಿನ ಬಗ್ಗೆ ಸಂಶಯ ಇದ್ದರೆ ಪಂಚಾಯತಿನ ಕೃಷಿಭವನದಲ್ಲಿ ಮಣ್ಣು ಪರೀಕ್ಷೆಗೆ ದಾರಿ ಹೇಳುತ್ತಾರೆ, ಕೇಳಿ.

ಸಸಿ ಪ್ಲಾಸ್ಟಿಕ್ ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಬುಡಕ್ಕೆ ಮಣ್ಣು ಏರಿಸಿ ಕಾಂಡ ಮುಚ್ಚಬೇಡಿ. ಬುಡದ ಸುತ್ತ ನೆಲ ಸ್ವಲ್ಪ ಎತ್ತರ ಇರಲಿ, ಮಣ್ಣು ಕುಸಿದ ಮೇಲೂ ನೀರು ಹೊರಗೆ ಹರಿದು ಹೋಗುವ ಹಾಗೆ.

ಯಾವಾಗ ನೆಡುವುದು? ಮೇ ಕೊನೆಯ ವಾರದ ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದ ಕೂಡಲೇ ಎಲ್ಲ ಗಿಡ ನೆಡುವುದು ನಮ್ಮ ಅಭ್ಯಾಸ. ಇಳಿಜಾರಿನ ಗುಡ್ಡೆಗೆ, ಕಡಲಕರೆಯ ಹೊಯಿಗೆಗೆ ಅದು ಸರಿ. ಸಮತಟ್ಟಾದ ಅಂಗಳಕ್ಕೆ ನಾನು ಅದನ್ನು ಹೇಳುವುದಿಲ್ಲ. ಬೇರು ಹಿಡಿಯುವ ಮೊದಲೇ ಆಟಿಯ ಮಳೆ ಬಂದು ಬುಡ ಅಲ್ಲಾಡುತ್ತದೆ. ಚೌತಿ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿಗೆ ನೆಡಿ. ಮಣ್ಣಿನಲ್ಲಿ ತೇವ ಇರುತ್ತದೆ, ಸಂಜೆ ಗುಡುಗಿನ ಮಳೆಯೂ ಒದಗುತ್ತದೆ, ಬಿಸಿಲೂ ಸಿಗುತ್ತದೆ. ಆದರೆ ಮೊದಲ ಬೇಸಗೆ ನೀರು ಹಾಕುವ ಜವಾಬ್ದಾರಿ ನಿಮ್ಮದು.

ಮೊದಲ ಬೇಸಗೆಯಲ್ಲಿ ವಾರಕ್ಕೆ ಎರಡು ಸಲ, ಪ್ರತಿ ಸಲ ಒಂದು ಕೊಡಪಾನ ನೀರು ಬುಡಕ್ಕೆ ನಿಧಾನ ಹಾಕಿ. ದಿನಾ ಒಂದು ಚೊಂಬು ಹಾಕುವುದರಿಂದ ಬೇರು ಮೇಲೆಯೇ ಉಳಿಯುತ್ತದೆ. ಬುಡಕ್ಕೆ ತರಗೆಲೆ ಅಥವಾ ಅಡಿಕೆ ಸಿಪ್ಪೆ ಮುಚ್ಚಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ಎರಡು ವರ್ಷ ಕಳೆದರೆ ಗಿಡ ಬರ ತಡೆಯುತ್ತದೆ. ಆಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು. ತೋಟದ ಜೆಟ್ ನೀರು ರಾತ್ರಿ ಎಲೆಯ ಮೇಲೆ ಹಾರದಂತೆ ನೋಡಿಕೊಳ್ಳಿ.

ಸವರುವುದು: ಇಲ್ಲಿಯೇ ಹೂವಿನ ಗುಟ್ಟು

ಈ ಗಿಡ ಹೊಸ ಚಿಗುರಿನ ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಕಳೆದ ವರ್ಷದ ಗೆಲ್ಲಿನಲ್ಲಿ ಹೂ ಇಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಸವರಿದರೆ ಹೊಸ ಚಿಗುರು ಬರುತ್ತದೆ. ಚಿಗುರು ಬಲಿತು ಮೊಗ್ಗಾಗಿ ಅರಳಲು ಸುಮಾರು ಎರಡೂವರೆಯಿಂದ ಮೂರು ತಿಂಗಳು ಬೇಕು. ಹಾಗಾದರೆ ಯಾವಾಗ ಹೂ ಬೇಕೋ ಅಲ್ಲಿಂದ ಹಿಂದಕ್ಕೆ ಎಣಿಸಿ ಸವರಬೇಕು.

ನಮಗೆ ಪತ್ತನಾಜೆಯ ಮೊದಲು ಹೂ ಮುಗಿಯಬೇಕು. ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಅರಳಿದರೆ ಬಹಳ ಚಂದ. ಅದಕ್ಕೆ ಜನವರಿ ಕೊನೆಯ ವಾರದಲ್ಲಿ ಸವರಿ. ಕೆಡ್ಡಸಕ್ಕೆ ಮೊದಲು ಮುಗಿಸಿ ಎಂದು ನಾನು ಎಲ್ಲರಿಗೂ ಹೇಳುವುದು. ಫೆಬ್ರವರಿ ಎರಡನೇ ವಾರ ಬರುವ ಕೆಡ್ಡಸದ ದಿನಗಳಲ್ಲಿ ಭೂಮಿ ಅಗೆಯುವುದು, ಹಸಿರು ಕಡಿಯುವುದು ಹೇಗೂ ಇಲ್ಲ. ಹಬ್ಬದ ಮೊದಲು ಕತ್ತರಿ ಕೆಲಸ ಮುಗಿಸಿಟ್ಟರೆ ಗಿಡಕ್ಕೂ ಅದೇ ಸರಿಯಾದ ಹೊತ್ತು. ಆ ಹೊತ್ತಿಗೆ ನಮ್ಮಲ್ಲಿ ರಾತ್ರಿ ಸ್ವಲ್ಪ ತಂಪು, ಗಿಡ ಅರ್ಧದಷ್ಟು ಎಲೆ ಉದುರಿಸಿರುತ್ತದೆ. ಪೂರ್ತಿ ಬೋಳಾಗಲಿ ಎಂದು ಕಾಯಬೇಡಿ. ಇಲ್ಲಿ ಹಾಗೆ ಆಗುವುದು ಕಡಿಮೆ.

ಸವರುವ ಕ್ರಮ ಹೀಗೆ. ಮೊದಲು ಸುಮ್ನೆ ಗಿಡದ ಸುತ್ತ ನಡೆದು ನೋಡಿ. ಬುಡದಿಂದ ಎದ್ದ ತೆಳು ಚಿಗುರುಗಳನ್ನು ಎಲ್ಲ ತೆಗೆಯಿರಿ. ಸತ್ತ ಕಡ್ಡಿ, ಒಂದಕ್ಕೊಂದು ಉಜ್ಜುವ ಗೆಲ್ಲು, ಒಳಮುಖವಾಗಿ ಬೆಳೆದ ಗೆಲ್ಲು ತೆಗೆಯಿರಿ. ಪೆನ್ಸಿಲಿಗಿಂತ ತೆಳ್ಳಗಿನ ಕಡ್ಡಿಗಳಿಂದ ಒಳ್ಳೆಯ ಗೊಂಚಲು ಬರುವುದಿಲ್ಲ, ಅವನ್ನೂ ಬುಡಕ್ಕೆ ಕತ್ತರಿಸಿ. ನಡುವಿನಲ್ಲಿ ಬೆಳಕು ತೂರಬೇಕು. ಆಮೇಲೆ ಕಳೆದ ವರ್ಷ ಹೂ ಬಿಟ್ಟ ಗೆಲ್ಲುಗಳನ್ನು ಒಂದೊಂದಾಗಿ ಹಿಡಿದು, ಅದು ಹುಟ್ಟಿದ ಜಾಗದಿಂದ ಎರಡು ಮೂರು ಗಂಟು ಉಳಿಸಿ, ಹೊರಮುಖದ ಚಿಗುರುಗಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಕತ್ತಿಯಲ್ಲಿ ಕೊಚ್ಚಬೇಡಿ. ಹರಿತವಾದ ಸಿಕೇಟರ್ ಕತ್ತರಿ ಬಳಸಿ, ದಪ್ಪ ಗೆಲ್ಲಿಗೆ ಕೈಗರಗಸ. ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅದಕ್ಕೆ ಬೇಕಾದ ಮೈಲುತುತ್ತು, ಸುಣ್ಣ ಅಡಿಕೆ ಇರುವ ಮನೆಯಲ್ಲಿ ಇದ್ದೇ ಇರುತ್ತದಲ್ವಾ.

ಬಹಳ ಕಡೆ ಕಾಣುವ ಒಂದು ಕ್ರಮ ನನಗೆ ನಿಜವಾಗಿ ಬೇಸರ ತರಿಸುತ್ತದೆ. ತೋಳಿನಷ್ಟು ದಪ್ಪದ ಕಾಂಡಗಳನ್ನೆಲ್ಲ ಒಂದೇ ಎತ್ತರಕ್ಕೆ ಕಡಿದು ಬಿಡುತ್ತಾರೆ. ಪ್ರತಿ ವರ್ಷ ಅದೇ ಜಾಗಕ್ಕೆ. ಕಡಿದಲ್ಲಿ ಗಂಟು ಊದಿಕೊಳ್ಳುತ್ತದೆ. ಆ ಗಂಟಿನಿಂದ ಇಪ್ಪತ್ತು ಮೂವತ್ತು ತೆಳು ಚಾಟಿಗಳು ಏಳುತ್ತವೆ. ಅವುಗಳ ತುದಿಯ ಗೊಂಚಲು ದೊಡ್ಡದೇ, ಆದರೆ ಹೊರುವ ಬಲ ಇಲ್ಲ. ಮೇ ತಿಂಗಳ ಒಂದು ಗಾಳಿಮಳೆಗೆ ನೀರು ಹಿಡಿದು ನೆಲಕ್ಕೆ ಬಾಗುತ್ತವೆ, ಬುಡದಲ್ಲಿ ಸೀಳಿ ಬರುತ್ತವೆ. ನುಣುಪು ಕಾಂಡದ ಚಂದವೂ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಗಿಡ ಜಾಗಕ್ಕೆ ಮೀರಿ ಬೆಳೆಯುತ್ತಿದೆ ಎಂದಾದರೆ ಆರಿಸಿದ ಜಾತಿ ಸರಿ ಇಲ್ಲ, ಅದಕ್ಕೆ ಕಡಿಯುವುದು ಪರಿಹಾರವಲ್ಲ.

ಈಗಾಗಲೇ ಹಾಗೆ ಕಡಿದ ಗಿಡ ಇದ್ದರೆ ಸರಿ ಮಾಡಬಹುದು. ಒಂದೊಂದು ಗಂಟಿನಲ್ಲಿ ಹೊರಮುಖದ ಎರಡು ಬಲವಾದ ಚಿಗುರು ಮಾತ್ರ ಉಳಿಸಿ ಉಳಿದದ್ದನ್ನು ಎಳೆಯದರಲ್ಲೇ ಚಿವುಟಿ. ಮುಂದಿನ ಜನವರಿಯಲ್ಲಿ ಆ ಎರಡನ್ನು ಮೊಟಕು ಮಾಡದೆ ಬಿಡಿ. ಮೂರು ವರ್ಷದಲ್ಲಿ ಗಿಡಕ್ಕೆ ಮತ್ತೆ ಆಕಾರ ಬರುತ್ತದೆ.

ಎಳೆ ಗಿಡಕ್ಕೆ ಮೊದಲ ಎರಡು ವರ್ಷ ಹೂವಿಗಿಂತ ಕಾಂಡ ಮುಖ್ಯ. ಬುಡದಿಂದ ಮೂರು ಅಥವಾ ಐದು ಒಳ್ಳೆಯ ಕಾಂಡ ಉಳಿಸಿ, ಉಳಿದದ್ದು ತೆಗೆಯಿರಿ. ಸೊಂಟದೆತ್ತರದವರೆಗೆ ಬದಿಯ ಕಡ್ಡಿಗಳನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ತೆಗೆದರೆ ಕಾಂಡ ಕಾಣುವ ಹಾಗೆ ಏಳುತ್ತದೆ. ಒಂದೇ ಕಾಂಡದ ಮರ ಬೇಕಾದರೆ ಒಂದನ್ನೇ ಉಳಿಸಿ ಊರುಗೋಲು ಕೊಡಿ. ನಮ್ಮ ಗಾಳಿಗೆ ಮೂರು ಕಾಂಡದ್ದೇ ಗಟ್ಟಿ.

ಸವರಿದ ಮೇಲೆ ಗೊಬ್ಬರ

ಸವರಿ ವಾರ ಕಳೆದು ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಮಣ್ಣು ಸಡಿಲಿಸಿ ಒಂದು ಬುಟ್ಟಿ ಹಟ್ಟಿಗೊಬ್ಬರ, ಅರ್ಧ ಕಿಲೋ ನೆಲಗಡಲೆ ಹಿಂಡಿ, ಎರಡು ಮುಷ್ಟಿ ಒಲೆಯ ಬೂದಿ ಹಾಕಿ ನೀರು ಕೊಡಿ. ಬೂದಿಯಲ್ಲಿ ಪೊಟ್ಯಾಷ್ ಇದೆ, ಹೂವಿಗೆ ಒಳ್ಳೆಯದು. ಜಾಸ್ತಿ ಬೇಡ.

ಗೋಬರ್ ಗ್ಯಾಸಿನ ಸ್ಲರಿ ಇರುವ ಮನೆಯಲ್ಲಿ ಪೈಪು ತಿರುಗಿಸಿ ಬಿಡುವುದು ಸುಲಭ ಅನ್ನಿಸುತ್ತದೆ. ಈ ಗಿಡಕ್ಕೆ ಅದು ಒಳ್ಳೆಯದಲ್ಲ. ಸಾರಜನಕ ಜಾಸ್ತಿಯಾದರೆ ಎಲೆ ಕಪ್ಪುಹಸಿರಾಗಿ ಸೊಕ್ಕುತ್ತದೆ, ಹೂ ಹಿಂದೆ ಬೀಳುತ್ತದೆ, ಮೆತ್ತಗಿನ ಚಿಗುರಿಗೆ ಹೇನು ಮುತ್ತುತ್ತದೆ. ತೆಂಗು, ಬಾಳೆಗೆ ಹಾಕಿ.

ಮಳೆ ದಾಟಿಸುವುದು

ಮೇ ಕೊನೆಗೆ ಮೊದಲ ಸುತ್ತಿನ ಹೂ ಮುಗಿಯುತ್ತದೆ. ಜೂನ್, ಜುಲೈಯಲ್ಲಿ ಗಿಡ ಅಷ್ಟಿಷ್ಟು ಹೂ ಬಿಡುತ್ತಲೇ ಇರುತ್ತದೆ. ಆ ಹೂವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನೀರು ಹಿಡಿದು ಬಾಗಿದ ಗೊಂಚಲನ್ನು ಮಳೆ ಬಿಟ್ಟಾಗ ಮೆಲ್ಲಗೆ ಅಲ್ಲಾಡಿಸಿ, ತೀರ ಬಾಗಿದ್ದನ್ನು ಕತ್ತರಿಸಿ. ಮಳೆಗಾಲದಲ್ಲಿ ಗೊಬ್ಬರ ಹಾಕಬೇಡಿ, ಎಲ್ಲ ತೊಳೆದು ಹೋಗುತ್ತದೆ. ಬುಡದ ತರಗೆಲೆಯನ್ನೂ ಜೂನ್‌ನಲ್ಲಿ ಸರಿಸಿ, ಬುಡ ಒಣಗಲು ಬಿಡಿ. ನೀರು ಹೋಗಲು ಚರಂಡಿ ಕಡಿದು ಕೊಡಿ.

ಆಟಿಯಲ್ಲಿ ಎಲೆಯ ಮೇಲೆ ಕಂದು ಚುಕ್ಕೆ ಬಿದ್ದು, ಎಲೆ ಹಳದಿ ಕೆಂಪಾಗಿ ಉದುರುವುದುಂಟು. ಎಲೆಚುಕ್ಕೆ ರೋಗ, ಬಿಸಿ ಮತ್ತು ತೇವ ಒಟ್ಟಿಗೆ ಇದ್ದಾಗ ಬರುವ ಶಿಲೀಂಧ್ರ. ನೋಡಲಿಕ್ಕೆ ಹೆದರಿಕೆ, ಗಿಡಕ್ಕೆ ಜೀವದ ಅಪಾಯ ಇಲ್ಲ. ಉದುರಿದ ಎಲೆ ಗುಡಿಸಿ ದೂರ ಹಾಕಿ.

ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಇಳಿದಾಗ ಹೂ ಬಿಟ್ಟ ತುದಿಗಳನ್ನು ನೋಡಿ. ಹಸಿರು ಗುಂಡು ಕಾಯಿಗಳು ಕಟ್ಟಿರುತ್ತವೆ. ಅವುಗಳ ಕೆಳಗೆ ಎರಡು ಜೋಡಿ ಎಲೆ ಸೇರಿಸಿ ಕತ್ತರಿಸಿ. ಜನವರಿಯ ಹಾಗೆ ಆಳಕ್ಕೆ ಅಲ್ಲ, ತುದಿ ಮಾತ್ರ. ಕಾಯಿ ಬಲಿಯುವುದಕ್ಕೆ ಹೋಗುವ ಶಕ್ತಿ ಹೊಸ ಚಿಗುರಿಗೆ ಬರುತ್ತದೆ. ಅಕ್ಟೋಬರ್ ಕೊನೆಗೆ, ನವೆಂಬರಿಗೆ ಎರಡನೇ ಸುತ್ತಿನ ಹೂ. ಮೊದಲಿನಷ್ಟು ದಟ್ಟ ಇರುವುದಿಲ್ಲ. ಆದರೆ ದೀಪಾವಳಿ ಹೊತ್ತಿಗೆ ಅಂಗಳದಲ್ಲಿ ಬಣ್ಣ ಇರುತ್ತದೆ.

ಅಕ್ಟೋಬರ್ ನಂತರ ದೊಡ್ಡದಾಗಿ ಸವರಬೇಡಿ. ಚಿಗುರೆಲ್ಲ ತಪ್ಪು ಕಾಲಕ್ಕೆ ಬಂದು ಏಪ್ರಿಲ್ ಹೂ ಕೈತಪ್ಪುತ್ತದೆ.

ಬೂದಿ, ಹೇನು, ಮಸಿ

ಬೂದಿರೋಗ ಸುರಿಯುವ ಮಳೆಯಲ್ಲಿ ಬರುವುದಿಲ್ಲ. ಮಳೆ ಬಿಟ್ಟು ಹಗಲು ಒಣ, ರಾತ್ರಿ ಮಂಜು ಇರುವ ದಿನಗಳಲ್ಲಿ ಬರುತ್ತದೆ. ಚಿಗುರು, ಮೊಗ್ಗಿನ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಮೊಗ್ಗು ಅರಳದೆ ಮುರುಟುತ್ತದೆ. ಬಿಸಿಲು, ಗಾಳಿ ಇದ್ದ ಗಿಡಕ್ಕೆ ಕಡಿಮೆ. ಶುರುವಾದ ತುದಿಗಳನ್ನು ಕಿತ್ತು ಸುಡಿ. ಹೆಚ್ಚಾದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಬೆರೆಸಿ ಬೆಳಿಗ್ಗೆ ಬೇಗ ಸಿಂಪಡಿಸಿ. ಸುಡು ಬಿಸಿಲಿನ ದಿನ ಗಂಧಕ ಬಿಟ್ಟರೆ ಎಲೆ ಸುಡುತ್ತದೆ. ಅಡಿಕೆಗೆ ಬಿಟ್ಟು ಉಳಿದ ಬೋರ್ಡೋ ದ್ರಾವಣವನ್ನು ಇದಕ್ಕೂ ಹೊಡೆಯುವವರಿದ್ದಾರೆ. ಹೂ, ಮೊಗ್ಗು ಇರುವಾಗ ಬೇಡ, ಕಲೆಯಾಗುತ್ತದೆ.

ಎಲೆಯ ಅಡಿಯಲ್ಲಿ ಹಸಿರು ಹೇನು ಕೂತರೆ ಎಲೆ ಅಂಟಂಟಾಗುತ್ತದೆ, ಇರುವೆ ಸಾಲುಗಟ್ಟುತ್ತದೆ, ಆಮೇಲೆ ಕಪ್ಪು ಮಸಿ ಹಿಡಿಯುತ್ತದೆ. ಮಸಿ ಬೇರೆ ರೋಗ ಅಲ್ಲ, ಅಂಟಿನ ಮೇಲೆ ಬೆಳೆಯುವ ಬೂಷ್ಟು. ಹೇನು ಹೋದರೆ ಅದೂ ಹೋಗುತ್ತದೆ. ಪೈಪಿನ ನೀರನ್ನು ಜೋರಾಗಿ ಎಲೆಯಡಿಗೆ ಬಿಡಿ, ಅರ್ಧ ಕೆಲಸ ಆಯಿತು. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕರಗುವಷ್ಟು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಇದಕ್ಕಿಂತ ಖಾರದ ಮದ್ದು ಬೇಡವೇ ಬೇಡ. ಗೇರು ತೋಟಗಳ ಮೇಲೆ ವರ್ಷಾನುವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು, ಎಣ್ಮಕಜೆಯಂಥ ಊರುಗಳು ಅನುಭವಿಸಿದ್ದನ್ನು ನೋಡಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಆ ಮನೆಗಳಲ್ಲಿ ಇಂದಿಗೂ ನೋವು ಮುಗಿದಿಲ್ಲ. ಹೂವಿನ ಅಂದಕ್ಕಾಗಿ ಮಕ್ಕಳು ಆಡುವ ಅಂಗಳದಲ್ಲಿ ವಿಷ ಸಿಂಪಡಿಸುವ ಅಗತ್ಯ ಯಾರಿಗೂ ಇಲ್ಲ. ಈ ಹೂವಿನಲ್ಲಿ ಜೇನಿಲ್ಲ, ಆದರೆ ಹಳದಿ ಪರಾಗ ಧಾರಾಳ. ಬೆಳಿಗ್ಗೆ ಜೇನುನೊಣಗಳು ತುಂಬಿರುತ್ತವೆ. ಜೇನುಪೆಟ್ಟಿಗೆ ಇಟ್ಟವರು ಇನ್ನೂ ಜಾಗ್ರತೆ ಮಾಡಿ.

ಕುಂಡದಲ್ಲಿ

ಗಿಡ್ಡ ಜಾತಿಯನ್ನು ತಾರಸಿಯಲ್ಲೂ ಬೆಳೆಸಬಹುದು. ಒಂದೂವರೆ ಅಡಿ ಅಗಲದ ಕುಂಡ ಬೇಕು. ಮಣ್ಣು, ಹೊಯಿಗೆ, ಹಟ್ಟಿಗೊಬ್ಬರ ಸಮ ಸಮ. ಬೇಸಗೆಯಲ್ಲಿ ದಿನಾ ನೀರು. ಮಳೆಗಾಲದಲ್ಲಿ ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ತಳದ ತೂತು ಮುಚ್ಚದಿರಲಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಸವರುವಾಗಲೇ ಹೊರತೆಗೆದು ಬೇರಿನ ಅಂಚು ಕತ್ತರಿಸಿ ಹೊಸ ಮಣ್ಣು ತುಂಬಿಸಿ.

ಕಡ್ಡಿಯಿಂದ ಹೊಸ ಗಿಡ

ಬೀಜದಿಂದಲೂ ಬರುತ್ತದೆ, ಆದರೆ ತಾಯಿಯ ಬಣ್ಣವೇ ಬರುತ್ತದೆಂದು ಹೇಳಲಾಗದು. ಕಡ್ಡಿಯೇ ಒಳ್ಳೆಯದು. ಜನವರಿಯಲ್ಲಿ ಸವರಿದ ಕಡ್ಡಿಯೂ ಬೇರು ಬಿಡುತ್ತದೆ, ಆದರೆ ಮುಂದೆ ಬೇಸಗೆ ಇರುವುದರಿಂದ ನೆರಳು, ನೀರು ಎರಡೂ ತಪ್ಪದೆ ನೋಡಬೇಕು. ಜೂನ್‌ನಲ್ಲಿ ಅಷ್ಟು ಆರೈಕೆ ಬೇಡ. ಪೆನ್ಸಿಲ್ ದಪ್ಪದ, ಅರ್ಧ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ. ಕೆಳಗಿನ ತುದಿ ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಿ, ಎಲೆ ತೆಗೆಯಿರಿ, ಮೇಲೆ ಎರಡು ಎಲೆ ಬಿಡಿ. ಹೊಯಿಗೆ ಮತ್ತು ತೆಂಗಿನ ನಾರಿನ ಹುಡಿ ತುಂಬಿದ ಚೀಲದಲ್ಲಿ ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಊರಿ, ಮಳೆ ನೇರ ಬಡಿಯದ ಮಾಡಿನಡಿಯಲ್ಲಿ ಇಡಿ. ಒಂದೂವರೆ ತಿಂಗಳಾಗುವಾಗ ಬೇರು ಬಂದಿರುತ್ತದೆ. ಚಿಗುರು ಕಂಡ ಕೂಡಲೇ ಎಳೆದು ನೋಡಬೇಡಿ, ಎಷ್ಟೋ ಸಲ ಚಿಗುರು ಮೊದಲು, ಬೇರು ಆಮೇಲೆ. ಅಕ್ಟೋಬರಿನಲ್ಲಿ ಹಟ್ಟಿಗೊಬ್ಬರ ಬೆರೆಸಿದ ಮಣ್ಣಿನ ಚೀಲಕ್ಕೆ ಬದಲಿಸಿ. ಮುಂದಿನ ಬೇಸಗೆ ಅದರಲ್ಲೇ ಕಳೆದು, ಮರುವರ್ಷ ಚೌತಿಯ ನಂತರ ನೆಲಕ್ಕೆ ಇಳಿಸಿ.